ತಪ್ಪು ವಿಳಾಸ: ಸಿ ಭಾಷೆಯಲ್ಲಿ ಪಾಯಿಂಟರಿನ ದೋಷಗಳನ್ನು ಶೋಧಿಸುವ ಬಗೆ

ಲೇಖಕರು: ಮುಖ್ಯೋಪಾಧ್ಯಾಯರು, ಬಿ. ಎ., ಬಿ. ಟಿ.

ಲೆಕ್ಕದ ತಪ್ಪುಗಳಲ್ಲಿ ಎರಡು ಬಗೆಗಳುಂಟು. ಏಳೂ ಎಂಟೂ ಕೂಡಿ ಹದಿನಾರೆಂದು ಬರೆದರೆ ತಪ್ಪು ಆ ಸಾಲಿನಲ್ಲಿಯೇ ಇರುತ್ತದೆ. ಅದನ್ನು ಮತ್ತೊಮ್ಮೆ ನೋಡಿದವನ ಕಣ್ಣಿಗೆ ಬೀಳದೆ ಹೋಗದು. ಇನ್ನೊಂದು ಬಗೆಯದು ಹಾಗಲ್ಲ. ಅಂಗಡಿಯ ಗುಮಾಸ್ತನು ರಾಮಣ್ಣನವರ ಖಾತೆಗೆ ಬರೆಯಬೇಕಾದ ಮೊಬಲಗನ್ನು ಮಗ್ಗುಲ ಪುಟದ ಭೀಮಣ್ಣನವರ ಖಾತೆಗೆ ಬರೆದನೆನ್ನೋಣ. ಆ ದಿನ ಯಾರಿಗೂ ಏನೂ ತಿಳಿಯದು. ಬರೆದ ಅಂಕೆ ಸರಿ, ಕೂಡಿಸಿದ್ದೂ ಸರಿ. ತಿಂಗಳ ಕೊನೆಗೆ ಭೀಮಣ್ಣನವರು ಬಂದು, ತಾವು ಕೊಳ್ಳದ ಸಾಮಾನಿಗೆ ಹಣ ಕೇಳುವುದೇಕೆಂದು ವಾದಿಸುವರು. ಆಗ ಭೀಮಣ್ಣನವರ ಪುಟವನ್ನು ಎಷ್ಟು ಸಲ ಕೂಡಿ ಕಳೆದರೂ ಪ್ರಯೋಜನವಿಲ್ಲ. ತಪ್ಪು ನಡೆದದ್ದು ಒಂದು ಕಡೆ. ತಲೆಯೆತ್ತಿದ್ದು ಮತ್ತೊಂದು ಕಡೆ.

ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಸಿ ಎಂಬ ಭಾಷೆಯಲ್ಲಿ ಪಾಯಿಂಟರ್ ಎಂಬುದೊಂದಿದೆ. ಅದರಿಂದ ಹುಟ್ಟುವ ದೋಷಗಳು ಬಹುಮಟ್ಟಿಗೆ ಈ ಎರಡನೆಯ ಬಗೆಯವು. ಕಾಲೇಜು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈ ಅಧ್ಯಾಯದ ಬಳಿ ಬಂದು ನಿಂತು, “ಇದು ನಮ್ಮಂಥವರಿಗೆ ಹತ್ತುವ ವಿದ್ಯೆಯಲ್ಲ” ಎಂದು ಹಿಮ್ಮೆಟ್ಟುವುದುಂಟು. ಅದು ಕನ್ನಡದಲ್ಲಿ ಕಲಿತುದರ ಫಲವೆಂದು ಕೆಲವು ತಾಯಿತಂದೆಗಳು ಮನಸ್ಸಿನಲ್ಲಿ ಕೊರಗುವುದೂ ಉಂಟು. ಈ ಎರಡು ಭಾವನೆಗಳಿಗೂ ಆಧಾರವಿಲ್ಲ. ಪಾಯಿಂಟರಿನ ದೋಷವೆಂದರೇನು, ಅದನ್ನು ಯಾವ ಕ್ರಮದಿಂದ ಹುಡುಕಬೇಕು ಎಂಬುದನ್ನು ನಮ್ಮ ಮಾತಿನಲ್ಲಿಯೇ ವಿವರಿಸಲು ಇಲ್ಲಿ ಪ್ರಯತ್ನಿಸಲಾಗಿದೆ.

ಸಿ ಭಾಷೆ

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿ ಎಂಬ ವಿಜ್ಞಾನಿಯು ೧೯೭೨ರ ಸುಮಾರಿಗೆ ಈ ಭಾಷೆಯನ್ನು ರೂಪಿಸಿದನು. ೧೯೭೩ರಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಇದೇ ಭಾಷೆಯಲ್ಲಿ ಹೊಸದಾಗಿ ಬರೆಯಲಾಯಿತು. ೧೯೭೮ರಲ್ಲಿ ಬ್ರಯಾನ್ ಕರ್ನಿಹಾನ್ ಮತ್ತು ರಿಚಿ ಇಬ್ಬರೂ ಸೇರಿ ಬರೆದ ಪಠ್ಯಪುಸ್ತಕದಿಂದ ಇದು ಲೋಕದಲ್ಲೆಲ್ಲ ಹರಡಿತು. ೧೯೯೧ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ತಿರುಳು ಹೆಚ್ಚಾಗಿ ಸಿ ಭಾಷೆಯದೇ. ಆಂಡ್ರಾಯ್ಡ್ ಫೋನುಗಳು ನಡೆಯುವುದು ಈ ತಿರುಳಿನ ಮೇಲೆ. ಆದಕಾರಣ ಮುರ್ಮುಗೋವಾ ಬಂದರಿನಲ್ಲಿ ದುಡಿಯುವ ತಂದೆಯ ಜೇಬಿನೊಳಗೂ, ಸಂತೆಗೆ ಹೋದ ತಾಯಿಯ ಚೀಲದೊಳಗೂ ಸಿ ಭಾಷೆ ದಿನವೂ ಕೆಲಸ ಮಾಡುತ್ತಿರುತ್ತದೆ.

ರಿಚಿ ೨೦೧೧ರಲ್ಲಿ ತೀರಿಕೊಂಡನು. ಅವನ ಭಾಷೆ ಇಂದಿಗೂ ಬಳಕೆಯಲ್ಲಿದೆ. ಅದರ ಶಕ್ತಿಗೆ ಕಾರಣ, ಅದು ಯಂತ್ರದ ಸ್ಮೃತಿಯನ್ನು ನೇರವಾಗಿ ಮುಟ್ಟಲು ಬರೆಯುವವನಿಗೆ ಅವಕಾಶ ಕೊಡುವುದು. ಅದರ ಅಪಾಯಕ್ಕೂ ಅದೇ ಕಾರಣ.

ಮನೆಯೂ ವಿಳಾಸವೂ

ಗಣಕಯಂತ್ರದ ಸ್ಮೃತಿ, ಅಂದರೆ ಮೆಮೊರಿ, ಒಂದು ಉದ್ದವಾದ ಬೀದಿಯಂತೆ. ಬೀದಿಯ ಒಂದೊಂದು ಮನೆಗೂ ಬೈಟ್ ಎಂದು ಹೆಸರು. ಎಂಟು ಗಿಗಾಬೈಟಿನ ಸ್ಮೃತಿಯಿರುವ ಸಾಧಾರಣ ಯಂತ್ರದಲ್ಲಿ ಇಂಥ ಮನೆಗಳು ಸುಮಾರು ೮೫೯ ಕೋಟಿ. ಪ್ರತಿಯೊಂದು ಮನೆಗೂ ಕ್ರಮವಾಗಿ ಸಂಖ್ಯೆಯಿದೆ. ಆ ಸಂಖ್ಯೆಯೇ ಅದರ ವಿಳಾಸ.

ಮನೆಯೊಳಗೆ ಇರುವುದು ಬೇರೆ, ಮನೆಯ ವಿಳಾಸ ಬೇರೆ. ಈ ಭೇದವನ್ನು ಮರೆಯದವನಿಗೆ ಪಾಯಿಂಟರ್ ಅರ್ಧ ತಿಳಿದಂತೆಯೇ ಸರಿ. ಒಂದು ಮನೆಯಲ್ಲಿ ೧೨ ಎಂಬ ಅಂಕೆಯನ್ನು ಇಟ್ಟಿದ್ದೇವೆ, ಆ ಮನೆಯ ಸಂಖ್ಯೆ ೫೦೦೦ ಎನ್ನೋಣ. ೧೨ ಎಂಬುದು ಬೆಲೆ. ೫೦೦೦ ಎಂಬುದು ವಿಳಾಸ. ಈ ೫೦೦೦ ಎಂಬುದನ್ನು ಬರೆದಿಟ್ಟುಕೊಂಡ ಚೀಟಿಯೇ ಪಾಯಿಂಟರ್. ಸಾಮಾನನ್ನೆಲ್ಲ ಹೊತ್ತು ತಿರುಗುವ ಬದಲು ಅದಿರುವ ಸ್ಥಳದ ಚೀಟಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೆಲಸ ಎಷ್ಟು ಹಗುರಾಗುವುದೆಂಬುದನ್ನು ಊಹಿಸಬಹುದು.

ಸಿ ಭಾಷೆ ರೂಪುಗೊಂಡ ಅದೇ ೧೯೭೨ನೆಯ ಇಸವಿಯ ಆಗಸ್ಟ್ ೧೫ರಂದು ನಮ್ಮ ದೇಶದ ಅಂಚೆ ಇಲಾಖೆಯು ಪಿನ್ ಕೋಡ್ ಪದ್ಧತಿಯನ್ನು ಜಾರಿಗೆ ತಂದಿತು. ವಾಸ್ಕೋ ಪಟ್ಟಣದ ಪಿನ್ ೪೦೩೮೦೨. ಇದರಲ್ಲಿ ಒಂದು ಅಂಕೆಯನ್ನು ತಪ್ಪಿ ಬರೆದರೆ ಏನಾದೀತು? ಅಂಥ ಸಂಖ್ಯೆಯ ಅಂಚೆಕಚೇರಿಯೇ ಇಲ್ಲವಾದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಅಂಥ ಅಂಚೆಕಚೇರಿ ಬೇರೆಲ್ಲಿಯೋ ಇದ್ದರೆ ಪತ್ರವು ದಾರಿತಪ್ಪಿ ಅಲ್ಲಿಗೆ ಹೋಗಿ ಕುಳಿತೀತು. ನಾವು ಉತ್ತರಕ್ಕಾಗಿ ಕಾಯುತ್ತ ಇರುತ್ತೇವೆ. ಪಾಯಿಂಟರಿನ ಗತಿಯೂ ಇಷ್ಟೇ. ತಪ್ಪು ವಿಳಾಸವು ನಮ್ಮ ಪ್ರೋಗ್ರಾಮಿಗೆ ಸೇರದ ಪ್ರದೇಶದಲ್ಲಿದ್ದರೆ ಕಾರ್ಯವ್ಯವಸ್ಥೆಯು ಒಡನೆಯೇ ತಡೆದು ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ಇದಕ್ಕೆ ‘ಸೆಗ್ಮೆಂಟೇಷನ್ ಫಾಲ್ಟ್’ ಎಂದು ಹೆಸರು. ಕಲಿಯುವವರು ಇದನ್ನು ಕಂಡರೆ ಅಂಜುತ್ತಾರೆ. ನಿಜವಾಗಿ ಇದು ಪುಣ್ಯದ ಸಂಗತಿ. ತಪ್ಪು ವಿಳಾಸವು ನಮ್ಮದೇ ಬೀದಿಯ ಮತ್ತೊಂದು ಮನೆಯದಾಗಿದ್ದರೆ ಯಾರೂ ತಡೆಯುವುದಿಲ್ಲ. ಅಲ್ಲಿದ್ದ ಸಾಮಾನು ಕೆಡುತ್ತದೆ, ಪ್ರೋಗ್ರಾಂ ನಗುನಗುತ್ತ ಮುಂದೆ ಸಾಗುತ್ತದೆ. ಅಂಜಬೇಕಾದುದು ಇದಕ್ಕೆ.

ದೋಷಗಳ ಬಗೆಗಳು

ಪಾಯಿಂಟರಿನ ದೋಷಗಳು ನೋಡಲು ನೂರಾರು. ಆದರೆ ಬೇರುಗಳು ಕೆಲವೇ.

ಮೊದಲನೆಯದು, ವಿಳಾಸ ಬರೆಯದ ಚೀಟಿ. ಪಾಯಿಂಟರನ್ನು ಘೋಷಿಸಿ, ಅದಕ್ಕೆ ಯಾವ ವಿಳಾಸವನ್ನೂ ಕೊಡದೆ ಬಳಸುವುದು. ಆ ಚೀಟಿ ಬಿಳಿಯ ಕಾಗದವಲ್ಲ. ಹಿಂದೆ ಯಾರೋ ಗೀಚಿದ್ದ ರದ್ದಿಕಾಗದ. ಅದರಲ್ಲಿ ಏನು ಉಳಿದಿದೆಯೋ ಅದೇ ವಿಳಾಸವಾಗುತ್ತದೆ. ಇಂದು ಸರಿಯಾಗಿ ನಡೆದ ಪ್ರೋಗ್ರಾಂ ನಾಳೆ ಬಿದ್ದರೆ ಮೊದಲು ಇದನ್ನು ಸಂಶಯಿಸಬೇಕು.

ಎರಡನೆಯದು, ‘ಇಲ್ಲ’ ಎಂದು ಬರೆದ ಚೀಟಿ. ಇದಕ್ಕೆ ನಲ್ ಪಾಯಿಂಟರ್ ಎಂದು ಹೆಸರು. ಕೇಳಿದ ಕಡತ ದೊರೆಯದಿದ್ದರೆ ‘ಎಫ್‌ಓಪನ್’ ಎಂಬ ಆಜ್ಞೆಯೂ, ಕೇಳಿದಷ್ಟು ಸ್ಥಳ ದೊರೆಯದಿದ್ದರೆ ‘ಮ್ಯಾಲಾಕ್’ ಎಂಬ ಆಜ್ಞೆಯೂ ಇಂಥ ಚೀಟಿಯನ್ನು ಹಿಂದಿರುಗಿಸುತ್ತವೆ. ಅದನ್ನು ಓದಿ ನೋಡದೆ ಅದೇ ವಿಳಾಸವೆಂದು ಹೊರಟವನು ಬೀಳುತ್ತಾನೆ. ೧೯೬೫ರಲ್ಲಿ ಆಲ್ಗಾಲ್-ಡಬ್ಲ್ಯೂ ಎಂಬ ಭಾಷೆಗಾಗಿ ಈ ಕಲ್ಪನೆಯನ್ನು ತಂದ ಟೋನಿ ಹೋರ್ ಎಂಬ ಇಂಗ್ಲೆಂಡಿನ ವಿದ್ವಾಂಸರೇ, ೨೦೦೯ರಲ್ಲಿ ಅದನ್ನು ನೂರು ಕೋಟಿ ಡಾಲರು ಬೆಲೆಯ ತಪ್ಪೆಂದು ಕರೆದರು.

ಮೂರನೆಯದು, ಇಲ್ಲದ ಮನೆಯ ವಿಳಾಸ. ಪ್ರೋಗ್ರಾಮು ಸ್ಥಳವನ್ನು ಪಡೆದು, ಕೆಲಸವಾದ ಮೇಲೆ ‘ಫ್ರೀ’ ಎಂಬ ಆಜ್ಞೆಯಿಂದ ಅದನ್ನು ಬಿಟ್ಟುಕೊಡುತ್ತದೆ. ಸ್ಥಳ ಹೋಯಿತು, ಆದರೆ ಪಾಯಿಂಟರಿನಲ್ಲಿ ಬರೆದ ಸಂಖ್ಯೆ ತಾನಾಗಿ ಅಳಿಸಿಹೋಗುವುದಿಲ್ಲ. ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ೨೦೧೫ರಲ್ಲಿ ವಾಸ್ಕೋದ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಅಲ್ಲಿದ್ದ ಕನ್ನಡ ಕುಟುಂಬಗಳು ನೆಲೆ ತಪ್ಪಿದವು. ಗೋಡೆ ಉರುಳಿದರೂ ಹಳೆಯ ಕಾಗದಪತ್ರಗಳ ಮೇಲಿನ ವಿಳಾಸ ಹಾಗೆಯೇ ಉಳಿಯುತ್ತದೆ. ಅದನ್ನು ನಂಬಿ ಹೋದವನಿಗೆ ಬಯಲು ಸಿಕ್ಕೀತು, ಇಲ್ಲವೇ ಮುಂದೆ ಅಲ್ಲಿ ಬಂದು ನೆಲೆಸಿದ ಬೇರೆಯವರು ಸಿಕ್ಕಾರು. ಸ್ಮೃತಿಯಲ್ಲಿಯೂ ಹಾಗೆಯೇ: ಬಿಟ್ಟುಕೊಟ್ಟ ಸ್ಥಳವನ್ನು ಪ್ರೋಗ್ರಾಮಿನ ಬೇರೆ ಭಾಗವು ಪಡೆದಿರುತ್ತದೆ, ಹಳೆಯ ಚೀಟಿ ಹಿಡಿದು ಬರೆಯಲು ಹೋದವನು ಅದರ ಸಾಮಾನನ್ನು ಕೆಡಿಸುತ್ತಾನೆ. ಒಂದೇ ಸ್ಥಳವನ್ನು ಎರಡು ಸಲ ಬಿಟ್ಟುಕೊಡುವುದೂ ಈ ಜಾತಿಯ ದೋಷವೇ.

ನಾಲ್ಕನೆಯದು, ಎಲ್ಲೆ ಮೀರುವುದು. ಸಿ ಭಾಷೆಯಲ್ಲಿ ಸಾಲಿನ ಎಣಿಕೆ ಸೊನ್ನೆಯಿಂದ ಮೊದಲಾಗುತ್ತದೆ. ಹತ್ತು ವ್ಯಾಗನುಗಳ ಮಾಲುಗಾಡಿಯಲ್ಲಿ ಮೊದಲನೆಯದಕ್ಕೆ ೦ ಎಂದೂ ಕೊನೆಯದಕ್ಕೆ ೯ ಎಂದೂ ಸಂಖ್ಯೆ ಬರೆದಂತೆ. ಹತ್ತನೆಯ ಸಂಖ್ಯೆಯ ವ್ಯಾಗನು ಎಂಬುದೇ ಇಲ್ಲ. ಕುಳೆಮ್ ನಿಲ್ದಾಣದಲ್ಲಿ ನಿಂತು ಅದಕ್ಕೆ ಅದಿರು ತುಂಬಲು ಹೋದರೆ ಅದಿರು ಹಳಿಯ ಮೇಲೆ ಬೀಳುತ್ತದೆ. ಸಿ ಭಾಷೆ ಈ ಎಲ್ಲೆಯನ್ನು ತಾನಾಗಿ ಕಾಯುವುದಿಲ್ಲ. ಕಾಯುವ ಹೊಣೆ ಬರೆಯುವವನದು.

ಐದನೆಯದು, ವಿಳಾಸ ಕೊಡಬೇಕಾದಲ್ಲಿ ಬೆಲೆಯನ್ನು ಕೊಡುವುದು. ‘ಸ್ಕ್ಯಾನ್‌ಎಫ್’ ಎಂಬ ಆಜ್ಞೆಯು ಹೊರಗಿನಿಂದ ಒಂದು ಅಂಕೆಯನ್ನು ಓದಿ ತಂದು ನಾವು ಹೇಳಿದ ಮನೆಯಲ್ಲಿ ಇಡುತ್ತದೆ. ಅದಕ್ಕೆ ಮನೆಯ ವಿಳಾಸ ಬೇಕು; ಆದ್ದರಿಂದ ಹೆಸರಿನ ಮುಂದೆ ‘&’ ಚಿಹ್ನೆ ಹಾಕಬೇಕು. ಮರೆತರೆ ಮನೆಯೊಳಗಿರುವ ೧೨ನ್ನೇ ವಿಳಾಸವೆಂದು ತಿಳಿದು ಅದು ಹನ್ನೆರಡನೆಯ ಮನೆಗೆ ಹೊರಡುತ್ತದೆ. ಹೊಸಬರು ಬರೆದ ಪ್ರೋಗ್ರಾಮುಗಳು ಬೀಳುವುದಕ್ಕೆ ಇದೂ ಒಂದು ಸಾಮಾನ್ಯವಾದ ಕಾರಣ.

ಕಮಲಾಳ ಹಾಜರಿ

ಈಗ ಒಂದು ಉದಾಹರಣೆಯನ್ನು ಆದ್ಯಂತವಾಗಿ ನೋಡೋಣ. ಇದು ಕಲ್ಪಿತ, ಆದರೆ ಕನ್ನಡದಲ್ಲಿ ಹೆಸರು ಬರೆಯುವ ಯಾರಿಗೂ ಒದಗಬಹುದಾದದ್ದು.

ಒಬ್ಬ ವಿದ್ಯಾರ್ಥಿಯು ತರಗತಿಯ ಹಾಜರಿಪಟ್ಟಿಗಾಗಿ ಪ್ರೋಗ್ರಾಂ ಬರೆದನು. ಒಬ್ಬೊಬ್ಬರಿಗೂ ಒಂದು ದಾಖಲೆ. ಅದರಲ್ಲಿ ಹೆಸರಿಗೆ ೧೨ ಬೈಟು, ಅದರ ಮಗ್ಗುಲಲ್ಲಿಯೇ ಹಾಜರಿಯ ದಿನಗಳಿಗೆ ೪ ಬೈಟು. ಸಿ ಭಾಷೆಯಲ್ಲಿ ಹೆಸರು ಮುಗಿಯಿತೆಂದು ಸೂಚಿಸಲು ಕೊನೆಗೆ ಸೊನ್ನೆಯ ಬೈಟೊಂದನ್ನು ಇಡುವ ನಿಯಮವಿದೆ. ಹನ್ನೊಂದು ಅಕ್ಷರ, ಒಂದು ಸೊನ್ನೆ, ಒಟ್ಟು ಹನ್ನೆರಡು ಎಂದು ಅವನ ಲೆಕ್ಕ. ಇಂಗ್ಲಿಷ್ ಅಕ್ಷರಗಳಿಗೆ ಈ ಲೆಕ್ಕ ಸರಿ. ಒಂದೊಂದಕ್ಕೂ ಒಂದು ಬೈಟು ಸಾಕು. ಕನ್ನಡಕ್ಕೆ ಸರಿಯಲ್ಲ.

೧೯೯೧ರಲ್ಲಿ ಹೊರಬಂದ ಯೂನಿಕೋಡ್ ಸಂಕೇತಾವಳಿಯಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಡಲಾಗಿದೆ. ಇವನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-೮ ಎಂಬ ಪದ್ಧತಿಯನ್ನು ೧೯೯೨ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರಚಿಸಿದರು. ಇದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. ಇಲ್ಲಿ ಚಿಹ್ನೆಯೆಂದರೆ ನಾವು ಉಚ್ಚರಿಸುವ ಅಕ್ಷರವಲ್ಲ; ದೀರ್ಘ, ಕೊಂಬು, ಒತ್ತಿಗೆ ಬೇಕಾದ ವಿರಾಮಚಿಹ್ನೆ ಇವೆಲ್ಲವೂ ಬೇರೆ ಬೇರೆ ಚಿಹ್ನೆಗಳು. ‘ಕನ್ನಡ’ ಎಂಬುದು ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಐದು ಚಿಹ್ನೆ, ೧೫ ಬೈಟು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಆರು ಚಿಹ್ನೆಗಳಿದ್ದು ೧೮ ಬೈಟು ಬೇಕು.

ಪಟ್ಟಿಯಲ್ಲಿ ಮೊದಲು ‘ಕಮಲ’, ‘ಬಸವ’ ಎಂದು ಚಿಕ್ಕ ಹೆಸರುಗಳಿದ್ದವು. ಮೂರು ಚಿಹ್ನೆಗೆ ಒಂಬತ್ತು ಬೈಟು, ಕೊನೆಯ ಸೊನ್ನೆ ಸೇರಿ ಹತ್ತು. ಎಲ್ಲವೂ ಸರಿಯಾಗಿತ್ತು. ಆಮೇಲೆ ಜನನಪತ್ರದಲ್ಲಿದ್ದಂತೆ ‘ಕಮಲಾ’, ‘ಬಸವರಾಜ’ ಎಂದು ತಿದ್ದಲಾಯಿತು. ಪಟ್ಟಿಯನ್ನು ಮುದ್ರಿಸಿದಾಗ ೧೮೭ ದಿನ ಶಾಲೆಗೆ ಬಂದಿದ್ದ ಕಮಲಾಳ ಹಾಜರಿ ೦ ಎಂದಾಗಿತ್ತು! ಬಸವರಾಜನ ಹಾಜರಿ −೫೨೪೩೭೩೨೮೦, ಅಂದರೆ ಐವತ್ತೆರಡು ಕೋಟಿಗೂ ಮಿಕ್ಕಿದ ಋಣಸಂಖ್ಯೆ. ಅವನ ಕೆಳಗಿನ ಹುಡುಗನ ಹೆಸರು ಮಾಯವಾಗಿ ಅಲ್ಲಿ ಅರ್ಥವಿಲ್ಲದ ಎರಡು ಗುರುತುಗಳಿದ್ದವು.

ಕಾರಣವನ್ನು ನೋಡಿರಿ. ‘ಕಮಲಾ’ ಎಂಬಲ್ಲಿ ನಾಲ್ಕು ಚಿಹ್ನೆ, ಹನ್ನೆರಡು ಬೈಟು. ಕೊನೆಯ ಸೊನ್ನೆಗೆ ಹದಿಮೂರನೆಯ ಬೈಟು ಬೇಕು. ಹದಿಮೂರನೆಯದು ಹೆಸರಿನ ಮನೆಯಲ್ಲ, ಹಾಜರಿಯ ಮೊದಲ ಮನೆ. ನಾವು ಬಳಸುವ ಸಾಮಾನ್ಯ ಯಂತ್ರಗಳು ಸಂಖ್ಯೆಯ ಅತಿ ಕಿರಿಯ ಭಾಗವನ್ನು ಮೊದಲ ಮನೆಯಲ್ಲಿ ಇಡುತ್ತವೆ. ೧೮೭ ಎಂಬುದು ೨೫೬ಕ್ಕಿಂತ ಕಡಮೆಯಾದುದರಿಂದ ಪೂರ್ತಿಯಾಗಿ ಆ ಒಂದು ಬೈಟಿನಲ್ಲಿಯೇ ಇತ್ತು. ಅದರ ಮೇಲೆ ಸೊನ್ನೆ ಬಿದ್ದಿತು; ಹಾಜರಿ ಸೊನ್ನೆಯಾಯಿತು. ‘ಬಸವರಾಜ’ ಎಂಬಲ್ಲಿ ಆರು ಚಿಹ್ನೆ; ಸೊನ್ನೆ ಸೇರಿ ೧೯ ಬೈಟು. ಹೆಚ್ಚಾದ ಏಳರಲ್ಲಿ ನಾಲ್ಕು ಅವನ ಹಾಜರಿಯ ಮೇಲೂ, ಮೂರು ಮುಂದಿನ ಹುಡುಗನ ಹೆಸರಿನ ಮೇಲೂ ಬಿದ್ದವು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕದ್ದೊಂದಿದೆ. ‘ಕಮಲಾ’, ‘ಬಸವರಾಜ’ ಎಂಬ ಹೆಸರುಗಳು ಮುದ್ರಣದಲ್ಲಿ ಚೊಕ್ಕಟವಾಗಿಯೇ ಬರುತ್ತವೆ. ಏಕೆಂದರೆ ಯಂತ್ರವು ಸೊನ್ನೆ ಸಿಗುವವರೆಗೂ ಓದುತ್ತ ಹೋಗುತ್ತದೆ. ಅದು ಯಾರ ಮನೆಯೆಂದು ಕೇಳುವುದಿಲ್ಲ. ತಪ್ಪು ಮಾಡಿದ ಹೆಸರು ನಿರ್ದೋಷಿಯಂತೆ ನಿಂತಿದೆ. ತಪ್ಪು ಮಾಡದ ಹಾಜರಿ ಅಪರಾಧಿಯಂತೆ ಕಾಣುತ್ತದೆ. ಅನನುಭವಿಯು ಹಾಜರಿಯನ್ನು ಕೂಡುವ ಸಾಲುಗಳನ್ನು ಮೂರು ದಿನ ಪರೀಕ್ಷಿಸಿ ಬಳಲುವನು. ಅಷ್ಟರೊಳಗೆ ಯಾರಾದರೂ ಈ ಪಟ್ಟಿಯನ್ನೇ ನಂಬಿ, ಹಾಜರಿ ಸಾಲದೆಂದು ಆ ಹುಡುಗಿಯನ್ನು ಪರೀಕ್ಷೆಗೆ ಕುಳ್ಳಿರಿಸದಿದ್ದರೆ? ಯಂತ್ರ ಹೇಳಿತೆಂಬ ಮಾತ್ರಕ್ಕೆ ನಂಬಿ ಒಂದು ಮಗುವಿನ ವರ್ಷವನ್ನು ಕಳೆದಂತಾಗುವುದು. ಆದ್ದರಿಂದ ದೋಷಶೋಧನೆಯೆಂಬುದು ಬರಿಯ ಜಾಣತನದ ಆಟವಲ್ಲ. ಅದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ.

ಇನ್ನೊಂದು ಮಾತು. ಎಲ್ಲೆ ಮೀರಿದಾಗ ಹೀಗೆಯೇ ಆಗುವುದೆಂಬ ಕಟ್ಟಳೆ ಸಿ ಭಾಷೆಯಲ್ಲಿಲ್ಲ. ಮೊದಲು ಹೆಸರನ್ನೂ ಆಮೇಲೆ ಹಾಜರಿಯನ್ನೂ ಬರೆದಿದ್ದರೆ, ಹಾಜರಿ ಸರಿಯಾಗಿದ್ದು ಕಮಲಾಳ ಹೆಸರಿನ ಕೊನೆಗೆ ಒಂದು ವಿಕಾರವಾದ ಗುರುತು ಅಂಟಿಕೊಳ್ಳುತ್ತಿತ್ತು. ರೋಗ ಒಂದೇ, ಲಕ್ಷಣ ಬೇರೆ.

ಶೋಧಿಸುವ ಕ್ರಮ

ಮೊದಲಾಗಿ, ತಪ್ಪನ್ನು ಮತ್ತೆ ಬರಿಸಿರಿ. ಯಾವ ಹೆಸರು, ಯಾವ ಅಂಕೆ, ಯಾವ ಅನುಕ್ರಮದಲ್ಲಿ ಕೊಟ್ಟರೆ ತಪ್ಪು ಬರುತ್ತದೆಂಬುದನ್ನು ಕಾಗದದ ಮೇಲೆ ಬರೆದಿಡಿರಿ. ಬೇಕೆಂದಾಗ ಬರಿಸಲಾಗದ ತಪ್ಪನ್ನು ತಿದ್ದಿದ್ದೇವೆಂದು ಹೇಳಲಾಗದು.

ಎರಡನೆಯದಾಗಿ, ಕಂಪೈಲರಿನ ಎಚ್ಚರಿಕೆಯನ್ನು ಓದಿರಿ. ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು, ಎಲ್ಲ ಎಚ್ಚರಿಕೆಗಳನ್ನೂ ತೋರಿಸೆಂದು ಕೇಳಿಕೊಂಡರೆ, ‘&’ ಮರೆತದ್ದನ್ನೂ, ಬೆಲೆ ಕೊಡದೆ ಬಳಸಿದ ಪಾಯಿಂಟರುಗಳಲ್ಲಿ ಅನೇಕವನ್ನೂ ಮೊದಲೇ ಹೇಳುತ್ತದೆ. ಎಚ್ಚರಿಕೆ ಇದ್ದರೂ ಪ್ರೋಗ್ರಾಂ ನಡೆಯುತ್ತದಲ್ಲಾ ಎಂದು ಉಪೇಕ್ಷಿಸುವುದು ದೊಡ್ಡ ಪ್ರಮಾದ.

ಮೂರನೆಯದಾಗಿ, ಪ್ರಶ್ನೆಯನ್ನು ಕಿರಿದು ಮಾಡಿರಿ. ನಲವತ್ತು ಮಕ್ಕಳ ಪಟ್ಟಿಯಲ್ಲಿ ತಪ್ಪು ಬಂದರೆ ಇಬ್ಬರ ಪಟ್ಟಿ ಮಾಡಿ ನೋಡಿರಿ. ಕಮಲಳಿಗೆ ತಪ್ಪಿಲ್ಲ, ಕಮಲಾಳಿಗೆ ತಪ್ಪಿದೆ ಎಂಬಲ್ಲಿಗೆ ಬಂದರೆ ಒಂದು ದೀರ್ಘದ ಚಿಹ್ನೆ ಮಾತ್ರ ಉಳಿಯಿತು. ಇನ್ನು ಉತ್ತರ ದೂರವಿಲ್ಲ.

ನಾಲ್ಕನೆಯದಾಗಿ, ಬಿದ್ದ ಸ್ಥಳದಿಂದ ಹಿಂದಕ್ಕೆ ನಡೆಯಿರಿ. ಇದಕ್ಕೆ ಡಿಬಗರ್ ಎಂಬ ಸಾಧನವಿದೆ. ರಿಚರ್ಡ್ ಸ್ಟಾಲ್‌ಮನ್ ೧೯೮೬ರಲ್ಲಿ ಬರೆದ ಜಿಡಿಬಿ ಎಂಬುದು ಉಚಿತವಾಗಿ ದೊರೆಯುತ್ತದೆ. ಪ್ರೋಗ್ರಾಂ ಬಿದ್ದಾಗ ‘ಬ್ಯಾಕ್‌ಟ್ರೇಸ್’ ಎಂದರೆ, ಯಾವ ಕಾರ್ಯವನ್ನು ಯಾವುದು ಕರೆಯಿತು, ಅದನ್ನು ಯಾವುದು ಕರೆಯಿತು ಎಂಬ ವಂಶಾವಳಿಯನ್ನು ಅದು ಹೇಳುತ್ತದೆ. ‘ಪ್ರಿಂಟ್’ ಎಂದರೆ ಆ ಕ್ಷಣದಲ್ಲಿ ಪಾಯಿಂಟರಿನೊಳಗೆ ಏನಿದೆಯೆಂದು ತೋರಿಸುತ್ತದೆ.

ಐದನೆಯದಾಗಿ, ಕೆಡುತ್ತಿರುವ ಮನೆಗೆ ಕಾವಲು ಹಾಕಿರಿ. ಜಿಡಿಬಿಯಲ್ಲಿ ‘ವಾಚ್’ ಎಂಬ ಆಜ್ಞೆಯಿದೆ. ಕಮಲಾಳ ಹಾಜರಿಯ ಮೇಲೆ ಈ ಕಾವಲನ್ನು ಇಟ್ಟು ಪ್ರೋಗ್ರಾಮನ್ನು ನಡೆಸಿದರೆ, ಆ ಸಂಖ್ಯೆ ಬದಲಾದ ಕ್ಷಣವೇ ಯಂತ್ರ ನಿಲ್ಲುತ್ತದೆ. ಹಿಂದೆ ೧೮೭, ಈಗ ೦ ಎಂದು ತೋರಿಸುತ್ತದೆ. ಆಗ ಬ್ಯಾಕ್‌ಟ್ರೇಸ್ ಕೇಳಿದರೆ, ಹಾಜರಿಗೆ ಸಂಬಂಧವೇ ಇಲ್ಲದ, ಹೆಸರನ್ನು ನಕಲು ಮಾಡುವ ಸಾಲು ಕಣ್ಣೆದುರಿಗೆ ಬರುತ್ತದೆ. ಕಳ್ಳನು ಕೈಯಿಟ್ಟಾಗಲೇ ಸಿಕ್ಕಂತಾಯಿತು.

ಆರನೆಯದಾಗಿ, ಪರೀಕ್ಷಕ ಸಾಧನಗಳ ನೆರವು ಪಡೆಯಿರಿ. ಜೂಲಿಯನ್ ಸೀವರ್ಡ್ ರಚಿಸಿ ೨೦೦೨ರಲ್ಲಿ ಹೊರತಂದ ವ್ಯಾಲ್‌ಗ್ರಿಂಡ್ ಎಂಬುದೂ, ಗೂಗಲ್ ಸಂಸ್ಥೆಯವರು ರಚಿಸಿದ ಅಡ್ರೆಸ್ ಸ್ಯಾನಿಟೈಜರ್ ಎಂಬುದೂ ಪ್ರಸಿದ್ಧವಾಗಿವೆ. ಎರಡನೆಯದು ಪ್ರತಿಯೊಂದು ತುಂಡು ಸ್ಥಳದ ಸುತ್ತಲೂ ನಿಷಿದ್ಧವಾದ ಅಂಚನ್ನು ಬಿಡುತ್ತದೆ. ಬಿಟ್ಟುಕೊಟ್ಟ ಸ್ಥಳವನ್ನು ಕೂಡಲೇ ಬೇರೆಯವರಿಗೆ ಕೊಡದೆ ಕೆಲಕಾಲ ಮುಚ್ಚಿಡುತ್ತದೆ. ಇಲ್ಲದ ಮನೆಗೆ ಹೋದವನನ್ನು ಹಿಡಿದು, ಅವನು ಹೋದದ್ದೆಲ್ಲಿ, ಆ ಮನೆಯನ್ನು ಬಿಟ್ಟುಕೊಟ್ಟದ್ದೆಲ್ಲಿ, ಮೊದಲು ಪಡೆದದ್ದೆಲ್ಲಿ ಎಂಬ ಮೂರು ಸಾಲುಗಳನ್ನೂ ಹೇಳುತ್ತದೆ. ಆದರೂ ಸಾಧನವೇ ಸರ್ವಸ್ವವಲ್ಲ. ಒಂದೇ ದಾಖಲೆಯೊಳಗೆ ಹೆಸರು ಹಾಜರಿಯ ಮೇಲೆ ಹರಿದ ಕಮಲಾಳ ಪ್ರಸಂಗವನ್ನು ಈ ಎರಡೂ ಸಾಮಾನ್ಯವಾಗಿ ಹಿಡಿಯಲಾರವು. ದಾಖಲೆಯ ಹೊರಗೋಡೆಯನ್ನು ಅವು ಕಾಯುತ್ತವೆ, ಒಳಗಿನ ಅಡ್ಡಗೋಡೆಯನ್ನಲ್ಲ. ಅಲ್ಲಿ ನೆರವಾದುದು ಯೋಚಿಸಿ ಇಟ್ಟ ಕಾವಲು.

ಏಳನೆಯದಾಗಿ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಎಲ್ಲಿಯೋ ಒಂದು ಸಾಲು ಸೇರಿಸಿದೊಡನೆ ತಪ್ಪು ಕಾಣದಾಯಿತೆಂದರೆ ಸಂತೋಷಪಡಬೇಡಿರಿ. ಸ್ಮೃತಿಯಲ್ಲಿ ಮನೆಗಳ ಸ್ಥಾನ ಸ್ವಲ್ಪ ಸರಿದು, ಏಟು ಈಗ ಬೇರೆ ಕಡೆ ಬೀಳುತ್ತಿರಬಹುದು. ತಪ್ಪು ಅಡಗಿತು, ಗುಣವಾಗಲಿಲ್ಲ. ಕಮಲಾಳ ಸೊನ್ನೆ, ಬಸವರಾಜನ ಋಣಸಂಖ್ಯೆ, ಮಾಯವಾದ ಹೆಸರು, ಈ ಮೂರನ್ನೂ ಒಂದೇ ಕಾರಣದಿಂದ ವಿವರಿಸಬಲ್ಲೆವಾದಾಗ ಮಾತ್ರ ಮೂಲವನ್ನು ಮುಟ್ಟಿದೆವೆಂದು ತಿಳಿಯಬೇಕು.

ಇನ್ನು ಪರಿಹಾರ. ಹೆಸರಿನ ಉದ್ದವನ್ನು ಬೈಟುಗಳಲ್ಲಿ ಅಳೆದು, ಅದಕ್ಕೆ ಒಂದನ್ನು ಕೂಡಿಸಿ, ಅಷ್ಟು ಸ್ಥಳವಿದ್ದರೆ ಮಾತ್ರ ನಕಲು ಮಾಡಬೇಕು. ಇಲ್ಲದಿದ್ದರೆ ಬೇಕಾದಷ್ಟು ಸ್ಥಳವನ್ನು ಹೊಸದಾಗಿ ಪಡೆಯಬೇಕು. ಹೆಚ್ಚಾದುದನ್ನು ಕಣ್ಣುಮುಚ್ಚಿ ಕತ್ತರಿಸಿದರೆ ಮೂರು ಬೈಟಿನ ಚಿಹ್ನೆ ನಡುವೆ ತುಂಡಾದೀತು. ಪಾಯಿಂಟರನ್ನು ಘೋಷಿಸಿದೊಡನೆಯೇ ಬೆಲೆ ಕೊಡುವುದು, ದೊರೆತ ಚೀಟಿಯಲ್ಲಿ ‘ಇಲ್ಲ’ ಎಂದಿದೆಯೇ ಎಂದು ನೋಡುವುದು, ಸ್ಥಳ ಬಿಟ್ಟುಕೊಟ್ಟ ಮರುಸಾಲಿನಲ್ಲಿಯೇ ಪಾಯಿಂಟರಿಗೆ ನಲ್ ಬರೆಯುವುದು, ಪಡೆದದ್ದನ್ನು ಮರೆಯದೆ ಹಿಂದಿರುಗಿಸುವುದು, ಇವು ಅಭ್ಯಾಸವಾಗಿಬಿಟ್ಟರೆ ಮುಕ್ಕಾಲು ಪಾಲು ದೋಷಗಳು ಹುಟ್ಟುವುದೇ ಇಲ್ಲ.

ಲೋಕದ ನಿದರ್ಶನಗಳು

ಇವೆಲ್ಲ ಶಾಲೆಯ ಹುಡುಗರ ತಪ್ಪುಗಳೆಂದು ಭಾವಿಸಬಾರದು. ೧೯೮೮ರ ನವೆಂಬರ್ ೨ರಂದು ಅಮೆರಿಕದ ಗಣಕಜಾಲದಲ್ಲಿ ಹಬ್ಬಿದ ‘ಮಾರಿಸ್ ವರ್ಮ್’ ಎಂಬ ಪ್ರೋಗ್ರಾಂ ಹಿಡಿದ ದಾರಿಗಳಲ್ಲಿ ಒಂದು, ಓದುವಾಗ ಎಲ್ಲೆಯನ್ನೇ ನೋಡದ ‘ಗೆಟ್ಸ್’ ಎಂಬ ಆಜ್ಞೆ. ಆ ಆಜ್ಞೆಯನ್ನು ೨೦೧೧ರ ಸಿ ಮಾನಕದಿಂದ ತೆಗೆದುಹಾಕಲಾಯಿತು. ೨೦೧೪ರ ಏಪ್ರಿಲಿನಲ್ಲಿ ಬೆಳಕಿಗೆ ಬಂದ ‘ಹಾರ್ಟ್‌ಬ್ಲೀಡ್’ ದೋಷದಲ್ಲಿ, ಕೇಳುವವನು ಹೇಳಿದ ಉದ್ದವನ್ನು ಪರೀಕ್ಷಿಸದೆ ನಂಬಿದ್ದರಿಂದ, ಮಗ್ಗುಲ ಸ್ಮೃತಿಯಲ್ಲಿದ್ದ ಗುಟ್ಟುಗಳೆಲ್ಲ ಹೊರಗೆ ಹರಿಯಬಹುದಾಗಿತ್ತು. ೨೦೨೪ರ ಜುಲೈ ೧೯ರಂದು, ಗಣಕಯಂತ್ರಗಳನ್ನು ರಕ್ಷಿಸುವ ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಪ್ರೋಗ್ರಾಂ ಇಪ್ಪತ್ತೇ ಅಂಶಗಳಿದ್ದ ಸಾಲಿನಲ್ಲಿ ಇಪ್ಪತ್ತೊಂದನೆಯದನ್ನು ಓದಲು ಹೋಯಿತು. ಸುಮಾರು ೮೫ ಲಕ್ಷ ಯಂತ್ರಗಳು ಒಮ್ಮೆಗೇ ನಿಂತವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಪಾಸುಗಳನ್ನು ಕೊಡಬೇಕಾಯಿತು. ಇಲ್ಲದ ವ್ಯಾಗನಿಗೆ ಅದಿರು ತುಂಬಲು ಹೋದ ಕಥೆಗೂ ಇದಕ್ಕೂ ಏನು ಭೇದ?

ಪೋಷಕರಲ್ಲಿ ಒಂದು ವಿಜ್ಞಾಪನೆ

ಗೋವಾ ಸರಕಾರವು ‘ಕೇರ್ಸ್’ ಎಂಬ ಯೋಜನೆಯ ಮೂಲಕ ಶಾಲಾಮಕ್ಕಳಿಗೆ ಕೋಡಿಂಗನ್ನು ಕಲಿಸುವ ಕಾರ್ಯವನ್ನು ಕೈಗೊಂಡಿದೆ. ಮುಂದೆ ನಿಮ್ಮ ಮಕ್ಕಳಲ್ಲಿ ಕೆಲವರಾದರೂ ಸಿ ಭಾಷೆಯನ್ನು ಎದುರಿಸುವರು. ಇಂಗ್ಲಿಷ್ ಸಾಲದೆಂಬ ಭಯ ಬೇಡ. ೧೯೮೯ರ ಮಾನಕದಂತೆ ಆ ಭಾಷೆಯ ಮೂಲಪದಗಳು ಕೇವಲ ೩೨. ಅವನ್ನು ಒಂದು ವಾರದಲ್ಲಿ ಕಲಿಯಬಹುದು. ಉಳಿದುದೆಲ್ಲ ವಿಚಾರಶಕ್ತಿ, ಅದು ಮಗುವಿಗೆ ಸಹಜವಾಗಿ ಬೆಳೆಯುವುದು ಮನೆಯ ಮಾತಿನಲ್ಲಿಯೇ. ಕನ್ನಡದ ಒಂದಕ್ಷರಕ್ಕೆ ಎಷ್ಟು ಬೈಟು ಬೇಕೆಂಬುದನ್ನು ಕನ್ನಡದ ಮಗು ಇತರರಿಗಿಂತ ಮೊದಲೇ ಅರಿತೀತು. ಕಮಲಾಳ ಹಾಜರಿಯನ್ನು ಉಳಿಸುವವರೂ ಅಂಥ ಮಕ್ಕಳೇ.

ಮನೆಯಲ್ಲಿ ಗಣಕಯಂತ್ರವಿಲ್ಲವೆಂದೂ ಚಿಂತಿಸಬೇಕಾಗಿಲ್ಲ. ಪಾಯಿಂಟರಿನ ತಿಳಿವಳಿಕೆಗೆ ಮೊದಲು ಬೇಕಾದುದು ಒಂದು ಹಾಳೆ, ಒಂದು ಪೆನ್ಸಿಲು. ಸಾಲಾಗಿ ಮನೆಗಳನ್ನು ಬರೆದು, ಸಂಖ್ಯೆ ಕೊಟ್ಟು, ಪ್ರೋಗ್ರಾಮಿನ ಒಂದೊಂದು ಸಾಲಿಗೂ ಯಾವ ಮನೆಯಲ್ಲಿ ಏನು ಬದಲಾಯಿತೆಂದು ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿಯು, ಯಂತ್ರವನ್ನು ಕುಟ್ಟುತ್ತ ಕುಳಿತವನಿಗಿಂತ ಮುಂದಿರುತ್ತಾನೆ.

ಮಗನೋ ಮಗಳೋ ಕೆಲಸ ಕೆಟ್ಟು ಸಪ್ಪೆಮೋರೆ ಹಾಕಿ ಕುಳಿತಾಗ, “ಮುಗಿಯಿತೇ ಇಲ್ಲವೇ?” ಎಂದು ಕೇಳಬೇಡಿರಿ. “ತಪ್ಪು ಎಲ್ಲಿ ಕಂಡಿತು? ಎಲ್ಲಿ ಹುಟ್ಟಿತೆಂದು ತಿಳಿಯಿತೇ?” ಎಂದು ಕೇಳಿರಿ. ಸಿ ಭಾಷೆಯ ಗಂಧವಿಲ್ಲದ ತಾಯಿತಂದೆಗಳೂ ಈ ಪ್ರಶ್ನೆಯನ್ನು ಕೇಳಬಲ್ಲರು. ಅದಕ್ಕೆ ಉತ್ತರ ಹೇಳಲು ಹೊರಟ ಮಗು, ಕಂಡ ಕಡೆಯೇ ತಪ್ಪಿದೆಯೆಂದು ದುಡುಕದೆ, ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ನಡೆದು ಮೂಲವನ್ನು ಅರಸುವುದನ್ನು ಕಲಿಯುತ್ತದೆ. ವಿದ್ಯಾರ್ಥಿಗಳೆಲ್ಲರಿಗೂ ಈ ತಾಳ್ಮೆ ಕೈಗೂಡಲೆಂದು ಹಾರೈಸುತ್ತೇವೆ.